ಬೀದರ್‌ನಿಂದ ಮಾಸ್ಕೋಗೆ ಎಷ್ಟು ದೂರ, ಎಷ್ಟು ಹೊತ್ತು?

15ನೇ ಶತಮಾನದಲ್ಲಿ ಅಫನಾಸಿ ನಿಕಿಟಿನ್ ಎಂಬ ರಷ್ಯಾದ ವರ್ತಕ, ಮಾಸ್ಕೋದ ವಾಯವ್ಯಕ್ಕಿರುವ ತ್ವೆರ್ ಪಟ್ಟಣದಿಂದ ಹೊರಟು ಬಹಮನಿಗಳ ರಾಜಧಾನಿ ಬೀದರ್‌ಗೆ ಬಂದ. ವೋಲ್ಗಾ ನದಿ, ಕ್ಯಾಸ್ಪಿಯನ್ ಸಮುದ್ರ, ಪರ್ಷಿಯಾ, ಹೊರ್ಮುಜ್ ದಾಟಿ ಕೊಂಕಣದ ಚೌಲ್ ಬಂದರಿನಲ್ಲಿ ಇಳಿದು, ಜುನ್ನರ್ ಮಾರ್ಗವಾಗಿ ಬಂದವನಿಗೆ ವರ್ಷಗಳೇ ಹಿಡಿದವು. ಜೊತೆಗೆ ತಂದಿದ್ದ ಕುದುರೆಯನ್ನು ಬೀದರ್‌ನಲ್ಲೇ ಮಾರಿದ.

ಇಂದು ಬೀದರ್‌ನಿಂದ ಮಾಸ್ಕೋಗೆ ನೇರ ವಿಮಾನವಿಲ್ಲ. ಲೆಕ್ಕಕ್ಕೆಂದು ಇದೆ ಎಂದಿಟ್ಟುಕೊಳ್ಳೋಣ.

ಗೋಡೆಯ ನಕ್ಷೆಯ ಮೇಲೆ ಎರಡೂ ಊರುಗಳಿಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಇರಾನಿನ ಈಶಾನ್ಯ ಮೂಲೆಯನ್ನು ಹಾದುಹೋಗುತ್ತದೆ. ಗ್ಲೋಬಿನ ಮೇಲೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ: ದಾರ ಇರಾನನ್ನು ಮುಟ್ಟುವುದೇ ಇಲ್ಲ. ರಾಜಸ್ಥಾನ, ಪಾಕಿಸ್ತಾನ, ಅಫ್ಘಾನಿಸ್ತಾನ, ತುರ್ಕಮೆನಿಸ್ತಾನದ ಮೇಲೆ ಸಾಗುತ್ತದೆ. ನಡುದಾರಿಯಲ್ಲಿ ಎರಡು ಗೆರೆಗಳ ನಡುವೆ ಸುಮಾರು 300 ಕಿ.ಮೀ. ಅಂತರ. ಗೋಲದ ಮೇಲಿನ ಅತಿ ಹತ್ತಿರದ ದಾರಿ ಈ ದಾರದ್ದೇ, ಸುಮಾರು 5,400 ಕಿ.ಮೀ. ನಿಜ ಹೇಳಬೇಕೆಂದರೆ ಇಲ್ಲಿ ಉಳಿಯುವುದು ಐವತ್ತು ಕಿ.ಮೀ. ಒಳಗೇ. ದಾರದ ಮಹತ್ವ ಕಾಣುವುದು ಇನ್ನೂ ದೂರದ ಊರುಗಳಲ್ಲಿ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದದ್ದು ಇದೇ ಲೆಕ್ಕದ ಮೇಲೆ.

ಆದರೆ ಆಕಾಶಕ್ಕೂ ಬೇಲಿಗಳಿವೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನ ವಾಯುಪ್ರದೇಶ ಮುಚ್ಚಿದಾಗ ಪಶ್ಚಿಮಕ್ಕೆ ಹೋಗುವ ಎಷ್ಟೋ ವಿಮಾನಗಳು ಅರಬ್ಬಿ ಸಮುದ್ರದ ಕಡೆಯಿಂದ ಸುತ್ತಿ ಹೋಗಬೇಕಾಯಿತು.

ಇನ್ನು ಹೊತ್ತು. ಗಂಟೆಗೆ 900 ಕಿ.ಮೀ. ವೇಗದಲ್ಲಿ ಆರು ಗಂಟೆ ಸಾಕು. ಆದರೆ ಏರುವಾಗ, ಇಳಿಯುವಾಗ ಆ ವೇಗ ಸಿಗುವುದಿಲ್ಲ. ರನ್‌ವೇವರೆಗಿನ ನಿಧಾನದ ಓಟವೂ ಟಿಕೆಟ್ಟಿನ ಸಮಯಕ್ಕೆ ಸೇರುತ್ತದೆ. ಬೀದರ್‌ನಿಂದ ಬೆಂಗಳೂರಿಗೆ ನೇರ ಅಂತರ 525 ಕಿ.ಮೀ. ಮಾತ್ರ. ಆದರೂ ವೇಳಾಪಟ್ಟಿ ಒಂದು ಗಂಟೆಗೂ ಹೆಚ್ಚು ತೋರಿಸುವುದು ಇದಕ್ಕಾಗಿಯೇ.

ಮೇಲಾಗಿ ಗಾಳಿ. ಚಳಿಗಾಲದಲ್ಲಿ ಉತ್ತರ ಭಾರತದ ಅಕ್ಷಾಂಶಗಳಲ್ಲಿ, ಹತ್ತು–ಹನ್ನೆರಡು ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹ ಬೀಸುತ್ತದೆ. ಗಂಟೆಗೆ 150 ಕಿ.ಮೀ. ಗಾಳಿ ನೇರ ಎದುರಾದರೆ 900ರ ವಿಮಾನ ನೆಲದ ಲೆಕ್ಕದಲ್ಲಿ 750ಕ್ಕೆ ಇಳಿಯುತ್ತದೆ, ಬೆನ್ನಿಗೆ ಬಿದ್ದರೆ 1,050ಕ್ಕೆ ಏರುತ್ತದೆ. ಭೂಮಿ ತಿರುಗುವುದರಿಂದ ಈ ವ್ಯತ್ಯಾಸ ಎಂದು ಹಲವರು ವಾದಿಸುತ್ತಾರೆ. ಅದು ಸರಿಯಲ್ಲ, ಭೂಮಿಯ ಜೊತೆ ವಾತಾವರಣವೂ ತಿರುಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಗಡಿಯಾರ. ಮಾಸ್ಕೋ ನಮಗಿಂತ ಎರಡೂವರೆ ಗಂಟೆ ಹಿಂದಿದೆ. ಬೆಳಿಗ್ಗೆ ಹತ್ತಕ್ಕೆ ಹೊರಟು ಆರೂವರೆ ಗಂಟೆ ಹಾರಿದವರು ಅಲ್ಲಿನ ಮಧ್ಯಾಹ್ನ ಎರಡಕ್ಕೇ ಇಳಿಯುತ್ತಾರೆ. ಮರಳುವಾಗ ಅಲ್ಲಿ ಹತ್ತಕ್ಕೆ ಹೊರಟು, ಗಾಳಿಯ ಕೃಪೆಯಿಂದ ಆರೇ ಗಂಟೆಯಲ್ಲಿ ಬಂದರೂ, ಬೀದರ್‌ನ ಗಡಿಯಾರದಲ್ಲಿ ಸಂಜೆ ಆರೂವರೆ.