ಇಸಿಜಿ ನಾರ್ಮಲ್, ಲುಂಗ್ ಮಾತ್ರ ಏರಿದೆ

ಬೈಲಕುಪ್ಪೆಯ ಟಿಬೆಟನ್ ಹೆಂಗಸೊಬ್ಬರು ಮನಸ್ಸಿನ ತೊಂದರೆಗೆ ಚಿಕಿತ್ಸೆ ಕೊಡುವ ಮೈಸೂರಿನ ನನ್ನ ಕೋಣೆಗೆ ಬಂದಾಗ ಕೈಯಲ್ಲಿ ಮೂರು ಇಸಿಜಿ ಇದ್ದವು. ಮೂರೂ ನಾರ್ಮಲ್. ಎದೆ ಡವಡವ, ನಿದ್ದೆ ಇಲ್ಲ, ಬೆನ್ನು ನೋವು. ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರ್ ಮಾರುವವರು, ಕನ್ನಡ ಚೆನ್ನಾಗೇ ಬರುತ್ತಿತ್ತು. ಪ್ಯಾನಿಕ್, ಅಂದರೆ ಇದ್ದಕ್ಕಿದ್ದಂತೆ ನುಗ್ಗಿ ಬರುವ ಭಯ, ಹೇಗೆ ಏಳುತ್ತೆ ಅಂತ ಚಿತ್ರ ಬರೆದು ತೋರಿಸಿದೆ. ಉಸಿರಿನ ಮೇಲೆ ಗಮನ ಇಡುವ ವ್ಯಾಯಾಮ ಹೇಳಿಕೊಟ್ಟು ಕಳಿಸಿದೆ.

ಮುಂದಿನ ವಾರ ನೋಡಿದರೆ ಅದನ್ನು ಮಾಡಿಯೇ ಇರಲಿಲ್ಲ. “ಹಾಗೆ ಉಸಿರನ್ನೇ ನೋಡ್ತಾ ಕೂತರೆ ಲುಂಗ್ ಇನ್ನೂ ಮೇಲೇರುತ್ತೆ ಮೇಡಂ” ಅಂದರು, ನನಗೆಲ್ಲಿ ಬೇಸರವಾಗುತ್ತೋ ಅನ್ನುವ ದನಿಯಲ್ಲಿ.

ಲುಂಗ್ ಅಂದರೆ ಗಾಳಿ. ನಮ್ಮ ವಾತ, ಪಿತ್ತ, ಕಫದ ಹಾಗೆ ಟಿಬೆಟನ್ ವೈದ್ಯದಲ್ಲೂ ಮೂರು: ಲುಂಗ್, ತ್ರಿಪಾ, ಬೇಕೆನ್. ದುಃಖ, ಚಿಂತೆ, ಹಸಿವು, ನಿದ್ದೆಗೇಡು ಲುಂಗನ್ನು ಕೆದಕುತ್ತವೆ. ಬಲವಂತದ ಧ್ಯಾನವೂ ಕೆದಕುತ್ತದೆ ಅನ್ನುವುದು ಅವರ ಮಠಗಳಲ್ಲಿ ಹಳೆಯ ಮಾತು. ಅಂದರೆ ನಾನು ಮದ್ದು ಅಂತ ಕೊಟ್ಟಿದ್ದು ಅವರ ಲೆಕ್ಕದಲ್ಲಿ ಕಾಯಿಲೆಯೇ! ನಮ್ಮ ಹಳ್ಳಿಯ ‘ಗಾಳಿ ಸೋಕಿದೆ’ ಬೇರೆ, ಬಿಡಿ. ಅಲ್ಲಿ ದೆವ್ವ ಬರುತ್ತದೆ. ಇದು ಮೈಯೊಳಗಿನ ಗಾಳಿ.

2013ರಲ್ಲಿ ಬಂದ ಡಿಎಸ್‌ಎಂ-5, ಅಂದರೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ, ಕಾಯಿಲೆಯನ್ನು ರೋಗಿಯ ಸಂಸ್ಕೃತಿಯ ಕಣ್ಣಲ್ಲಿ ನೋಡುವುದಕ್ಕೆಂದೇ 16 ಪ್ರಶ್ನೆಗಳಿವೆ. ಈ ತೊಂದರೆಯನ್ನು ಮನೆಯವರಿಗೆ ಹೇಗೆ ಹೇಳ್ತೀರಿ, ಯಾಕೆ ಬಂತು ಅನ್ನಿಸುತ್ತೆ, ಇಷ್ಟು ದಿನ ಏನು ಮಾಡಿದಿರಿ, ಹೀಗೆ. ಮೊದಲ ದಿನವೇ ಕೇಳಬೇಕಿತ್ತು. ಕನ್ನಡ ಬರುತ್ತಲ್ಲ ಅಂತ ಬಿಟ್ಟಿದ್ದೆ.

ಈಗ ಕೇಳಿದೆ. ಅವರ ಆಮ್ಚಿ, ಅಂದರೆ ಟಿಬೆಟನ್ ವೈದ್ಯರು, ಹೇಳಿದ್ದನ್ನು ಬೆರಳು ಮಡಚುತ್ತಾ ಒಪ್ಪಿಸಿದರು. ಎಲುಬಿನ ಸೂಪು ಕುಡಿಯಬೇಕು. ಹಸಿದಿರಬಾರದು. ಬೆಚ್ಚಗಿರಬೇಕು, ಎಣ್ಣೆ ತಿಕ್ಕಿಸಿಕೊಳ್ಳಬೇಕು. ಒಬ್ಬರೇ ಕೂರಬಾರದು, ಬೇಕಾದವರ ಜೊತೆ ಹರಟಬೇಕು. ನನಗೆ ನಗು ಬಂತು. ಕೊನೆಯದು ನಮ್ಮ ‘ಬಿಹೇವಿಯರಲ್ ಆಕ್ಟಿವೇಷನ್’, ಅಂದರೆ ಮನಸ್ಸಿಗೆ ಹಿತವಾದ ಕೆಲಸಗಳಿಗೆ ಮತ್ತೆ ಹಚ್ಚುವ ಚಿಕಿತ್ಸೆ, ಅಲ್ವಾ? ವಾರದ ಪಟ್ಟಿಯನ್ನು ಅದರ ಮೇಲೇ ಕಟ್ಟಿದೆವು. ಸಂಜೆ ಪಕ್ಕದ ಮನೆಯವರ ಜೊತೆ ಕೋರಾ, ಅಂದರೆ ಪ್ರದಕ್ಷಿಣೆ. ಸುಮ್ನೆ ವಾಕಿಂಗ್ ಅಂದಿದ್ದರೆ ಹೋಗುತ್ತಿರಲಿಲ್ಲ.

ಆದರೆ ಒಂದನ್ನು ನಾನು ಸಡಿಲ ಬಿಡಲಿಲ್ಲ. ಎದೆ ಹೊಡೆದುಕೊಂಡೀತು ಅಂತ ಅವರು ಬಸ್ ಹತ್ತುವುದನ್ನೇ ನಿಲ್ಲಿಸಿದ್ದರು. ನನ್ನ ಹತ್ತಿರ ಮಗ ಕಾರಿನಲ್ಲಿ ಕರೆತರುತ್ತಿದ್ದ. ಯಾವ ಹೆಸರಿನ ಭಯವಾದರೂ ತಪ್ಪಿಸಿಕೊಂಡಷ್ಟೂ ಜಾಸ್ತಿಯಾಗುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪವಾಗಿ ಬಸ್ ಹತ್ತಿಸಿದೆ: ಮೊದಲು ಕುಶಾಲನಗರ, ಆಮೇಲೆ ಪಿರಿಯಾಪಟ್ಟಣ. ಆರನೇ ಸಲ ಮೈಸೂರಿಗೇ ಬಸ್ಸಿನಲ್ಲಿ ಬಂದರು. ಪಕ್ಕದ ಮನೆಯವರೂ ಜೊತೆಗಿದ್ದರು, ಚೀಲದಲ್ಲಿ ಸೂಪಿನ ಫ್ಲಾಸ್ಕು.