ಟಾರ್ಚಿನ ಉರಿ ಕುಂದಿದರೆ ಮೊದಲು ಗಡಿಯಾರ ನೋಡಿ

ಟಾರ್ಚಿನಲ್ಲಿ, ಅಂದರೆ ಪ್ರೊಪೇನಿನಂಥ ಗ್ಯಾಸ್ ಉರಿಸುವ ಬರ್ನರಿನಲ್ಲಿ, ಗಾಜಿನ ಕಡ್ಡಿ ಕರಗಿಸಿ ಮಣಿ ಮಾಡುವವರು ನನ್ನ ಬಳಿ ತರುವ ದೂರುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಉರಿ ಮೊದಲಿನಂತಿಲ್ಲ, ಕಡ್ಡಿ ಕರಗಲು ಹೊತ್ತು ಹಿಡಿಯುತ್ತದೆ, ತಿಳಿ ಬಣ್ಣದ ಗಾಜಿಗೆ ಮಸಿ ಹಿಡಿಯುತ್ತದೆ ಎನ್ನುತ್ತಾರೆ. ಇದಕ್ಕೆ ಅವರು ಈಗಾಗಲೇ ಮಾಡಿ ನೋಡಿರುವ ಮದ್ದು ಗ್ಯಾಸಿನ ತಿರುಪನ್ನು ಇನ್ನಷ್ಟು ತೆರೆಯುವುದು. ಬಹಳ ಸಲ ತೊಂದರೆ ಹೆಚ್ಚುವುದು ಇದರಿಂದಲೇ. ಒಂದು ಪಾಲು ಪ್ರೊಪೇನ್ ಪೂರ್ತಿಯಾಗಿ ಉರಿಯಲು ಗಾತ್ರದ ಲೆಕ್ಕದಲ್ಲಿ 5 ಪಾಲು ಆಮ್ಲಜನಕ ಬೇಕು. ಇದರಲ್ಲಿ ಸ್ವಲ್ಪ ಸುತ್ತಲಿನ ಗಾಳಿಯಿಂದಲೇ ಸಿಗುತ್ತದೆಯಾದರೂ, ಪೂರೈಕೆ ತುಸು ಇಳಿದರೆ ಸಾಕು, ಉರಿ ಹಳದಿಗೆ ತಿರುಗಿ ಉದ್ದವಾಗುತ್ತದೆ, ಮೆತ್ತಗಾಗುತ್ತದೆ. ಆಗ ಇನ್ನಷ್ಟು ಇಂಧನ ಬಿಟ್ಟರೆ ಉರಿ ದೊಡ್ಡದಾಗಿ ಕಾಣುತ್ತದೆಯೇ ಹೊರತು ಬಿಸಿಯಾಗುವುದಿಲ್ಲ. ಆದ್ದರಿಂದ ನನ್ನ ಮೊದಲ ಅನುಮಾನ ಯಾವಾಗಲೂ ಆಮ್ಲಜನಕದ ಮೇಲೆ.

ತಿರುಪನ್ನು ಮುಟ್ಟುವ ಮೊದಲು, ಉರಿ ಯಾವಾಗ ಕುಂದುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ ಎಂದು ನಾನು ಕೇಳಿಕೊಳ್ಳುತ್ತೇನೆ. ಹಚ್ಚಿದ ಕ್ಷಣದಿಂದಲೇ ದುರ್ಬಲವೇ, ಅರ್ಧ ಗಂಟೆಯ ನಂತರವೇ, ಅಥವಾ ಕೆಲವು ಸೆಕೆಂಡಿಗೊಮ್ಮೆ ಉಸಿರಾಡಿದಂತೆ ಏರಿಳಿಯುತ್ತದೆಯೇ? ದೋಷ ಎಲ್ಲಿದೆ ಎಂಬುದರ ಅರ್ಧ ಉತ್ತರ ಈ ಸಮಯದಲ್ಲೇ ಇರುತ್ತದೆ.

ಕೆಲಸ ಮಾಡುತ್ತಿದ್ದಂತೆ ನಿಧಾನವಾಗಿ ಕುಂದುವ ಉರಿಯನ್ನು ಸಣ್ಣ ಸಿಲಿಂಡರಿಗೆ ನೇರವಾಗಿ ತಿರುಪಿ ಬಳಸುವ ಟಾರ್ಚುಗಳಲ್ಲಿ ಹೆಚ್ಚಾಗಿ ಕಾಣುತ್ತೇವೆ. ದ್ರವ ಪ್ರೊಪೇನ್ ಅನಿಲವಾಗುವಾಗ ತನ್ನ ಸುತ್ತಲಿನ ಶಾಖವನ್ನೇ ಹೀರಿಕೊಳ್ಳುವುದರಿಂದ ಸಿಲಿಂಡರ್ ತಣ್ಣಗಾಗಿ, ಒಳಗಿನ ಒತ್ತಡ ಇಳಿಯುತ್ತದೆ. ಹೊರಮೈಯಲ್ಲಿ ದ್ರವ ಇರುವ ಮಟ್ಟದವರೆಗೆ ಹನಿಯೋ ಹಿಮವೋ ಕಟ್ಟಿರುವುದು ಇದರ ಗುರುತು. ಪ್ರೊಪೇನ್ -42 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಬ್ಯೂಟೇನ್ ಸುಮಾರು -0.5 ಡಿಗ್ರಿಯಲ್ಲಿ, ಎರಡೂ ಬೆರೆತ ಇಂಧನದಲ್ಲಿ ಪ್ರೊಪೇನ್ ಹೆಚ್ಚಾಗಿ ಮೊದಲು ಹೊರಟುಹೋಗಿ, ಸಿಲಿಂಡರಿನ ತಳದಲ್ಲಿ ಒತ್ತಡ ಕಡಿಮೆಯಿರುವ ಬ್ಯೂಟೇನ್ ಉಳಿಯುವುದರಿಂದ ಚಳಿಯ ದಿನಗಳಲ್ಲಿ ಈ ತೊಂದರೆ ಇನ್ನೂ ಬೇಗ ಬರುತ್ತದೆ. ಎರಡು ಸಿಲಿಂಡರುಗಳನ್ನಿಟ್ಟುಕೊಂಡು ಒಂದಾದ ಮೇಲೊಂದು ಬಳಸಿ, ಇಲ್ಲವೇ ರೆಗ್ಯುಲೇಟರ್ ಇರುವ ದೊಡ್ಡ ಸಿಲಿಂಡರಿಗೆ ಬದಲಾಯಿಸಿ. ಬೆಂಕಿಯಿಂದಾಗಲಿ ಹೀಟರಿನಿಂದಾಗಲಿ ಸಿಲಿಂಡರನ್ನು ಬಿಸಿಮಾಡುವ ಯೋಚನೆಯನ್ನೇ ಮಾಡಬೇಡಿ.

ಕಾನ್ಸೆಂಟ್ರೇಟರಿನಿಂದ, ಅಂದರೆ ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಯಂತ್ರದಿಂದ, ಆಮ್ಲಜನಕ ಪಡೆಯುವವರ ಕಥೆ ಬೇರೆ. ನನ್ನಲ್ಲಿ ಕಲಿಯಲು ಬಂದಿದ್ದ ಒಬ್ಬರು ಯಂತ್ರದ ಹರಿವಿನ ಮಾಪಕದೊಳಗಿನ ಗುಂಡನ್ನು ತುತ್ತತುದಿಗೆ ಏರಿಸಿ, ಆದರೂ ಉರಿ ಸೋಲುತ್ತಿದೆ ಎಂದು ಎರಡು ವಾರ ಒದ್ದಾಡಿದ್ದರು. ಗುಂಡು ತೋರಿಸುವುದು ಹರಿವನ್ನು ಮಾತ್ರ, ಶುದ್ಧತೆಯನ್ನಲ್ಲ. ನಿಮಿಷಕ್ಕೆ 5 ಲೀಟರಿನ ಯಂತ್ರ ಆ ಮಿತಿಯೊಳಗೆ ಸುಮಾರು 93 ಶೇಕಡಾ ಆಮ್ಲಜನಕ ಕೊಡುತ್ತದೆ. ಅದಕ್ಕಿಂತ ಹೆಚ್ಚು ಎಳೆದರೆ ಒಳಗಿನ ಜಿಯೋಲೈಟ್ ಕಾಳುಗಳು ಸಾರಜನಕವನ್ನು ಹಿಡಿದಿಡಲಾರದೆ ಅದೂ ಉರಿಗೆ ಬಂದು ಸೇರುತ್ತದೆ. ಅವರು ಗುಂಡನ್ನು ಇಳಿಸಿ, ಧೂಳು ಮುಚ್ಚಿದ್ದ ಗಾಳಿಯ ಫಿಲ್ಟರನ್ನು ತೊಳೆದು ಒಣಗಿಸಿ ಹಾಕಿದ ದಿನವೇ ಉರಿಯ ಬುಡದ ನೀಲಿ ಮೊನೆಗಳು ಮರಳಿ ಚೂಪಾದವು. ಯಂತ್ರ ಹಚ್ಚಿದ ಕೂಡಲೇ ಪೂರ್ಣ ಶುದ್ಧತೆ ಬರುವುದಿಲ್ಲವಾದ್ದರಿಂದ ಕೆಲವು ನಿಮಿಷ ಕಾಯಬೇಕು. ಜಿಯೋಲೈಟ್ ತುಂಬಿದ ಒಳಗಿನ ಎರಡು ಕೊಳವೆಗಳು ಸರದಿಯಲ್ಲಿ ಕೆಲಸ ಮಾಡುವುದರಿಂದ ಉರಿಯಲ್ಲಿ ಸಣ್ಣ ಏರಿಳಿತ ಇರುವುದು ಸಹಜ. ಅದು ಕಣ್ಣಿಗೆ ಹೊಡೆಯುವಷ್ಟಾದರೆ ಯಂತ್ರವನ್ನು ದುರಸ್ತಿಗೆ ಕೊಡಿ.

ಹಚ್ಚಿದಾಗಿನಿಂದಲೇ ಉರಿ ದುರ್ಬಲವಾಗಿದ್ದರೆ ಎಲ್ಲೋ ತಡೆಯಿದೆ ಎಂದು ತಿಳಿಯಬೇಕು. ರೆಗ್ಯುಲೇಟರಿನ ಮೇಲಿರುವ ಒತ್ತಡದ ಗೇಜನ್ನು ಟಾರ್ಚ್ ಆರಿರುವಾಗ ನೋಡಿದರೆ ಏನೂ ತಿಳಿಯುವುದಿಲ್ಲ. ಉರಿ ಕೆಲಸದಲ್ಲಿರುವಾಗ ನೋಡಿ. ಆಗ ಮುಳ್ಳು ಇಳಿದರೆ ದೋಷ ಸಿಲಿಂಡರ್ ಅಥವಾ ರೆಗ್ಯುಲೇಟರ್ ಕಡೆಯದು. ಮುಳ್ಳು ನಿಂತಲ್ಲೇ ನಿಂತು ಉರಿ ಮಾತ್ರ ಸೋತರೆ ಹೋಸ್, ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ (ಉರಿ ಹಿಂದಕ್ಕೆ ನುಗ್ಗದಂತೆ ತಡೆಯುವ ಭಾಗ) ಅಥವಾ ಟಾರ್ಚಿನದು. ಪ್ರೊಪೇನ್ ಸಿಲಿಂಡರಿನ ಕವಾಟವನ್ನು ಒಮ್ಮೆಲೇ ತೆರೆದರೆ, ಅತಿಹರಿವನ್ನು ತಡೆಯುವ ಒಳಕವಾಟ ಮುಚ್ಚಿಕೊಂಡು ಸಣ್ಣ ಎಳೆಯಷ್ಟೇ ಗ್ಯಾಸ್ ಬಿಡುವುದುಂಟು. ಎಲ್ಲ ಮುಚ್ಚಿ, ಸ್ವಲ್ಪ ಕಾದು, ಮತ್ತೆ ನಿಧಾನವಾಗಿ ತೆರೆದರೆ ಸರಿಹೋಗುತ್ತದೆ. ಅರೆಸ್ಟರಿನೊಳಗಿನ ಲೋಹದ ಜಾಲ ಹಳತಾಗಿ ಕಟ್ಟಿಕೊಂಡಿದ್ದರೆ ಅದನ್ನು ಬದಲಿಸಿ. ಅದನ್ನು ತೆಗೆದು ಹಾಗೆಯೇ ಕೆಲಸ ಮುಂದುವರಿಸುವವರನ್ನು ಕಂಡಿದ್ದೇನೆ, ಆ ಮೇಜಿನ ಬಳಿ ನಾನು ನಿಲ್ಲಲಾರೆ.

ಟಾರ್ಚಿನ ಮುಖವನ್ನು ನೋಡಲು ಉರಿಯನ್ನು ಬಹಳ ಚಿಕ್ಕದು ಮಾಡಿ. ರಂಧ್ರಗಳ ಮೇಲಿನ ನೀಲಿ ಮೊಗ್ಗುಗಳಲ್ಲಿ ಒಂದೆರಡು ಗಿಡ್ಡವಾಗಿದ್ದರೆ, ಅಲ್ಲದಿದ್ದರೆ ಓರೆಯಾಗಿದ್ದರೆ, ಅಲ್ಲಿ ಮಸಿಯೋ ಸಿಡಿದ ಗಾಜಿನ ಚೂರೋ ಕೂತಿದೆ. ಪೂರ್ತಿ ಆರಿದ ಮೇಲೆ, ರಂಧ್ರಕ್ಕಿಂತ ತೆಳುವಾದ ತಂತಿಯಿಂದ ಬಿಡಿಸಿ. ಕೊರೆದು ಅಗಲ ಮಾಡಬೇಡಿ, ಎಣ್ಣೆ ಅಥವಾ ಗ್ರೀಸ್ ಸೋಕಿಸಲೇಬೇಡಿ, ಒತ್ತಡದ ಆಮ್ಲಜನಕದೊಂದಿಗೆ ಅವು ತಾವಾಗಿಯೇ ಹೊತ್ತಿಕೊಳ್ಳಬಲ್ಲವು.

ಯಾವ ಲಯವೂ ಇಲ್ಲದೆ ಉರಿ ಓಲಾಡಿದರೆ ಗಾಳಿಯೇ ಕಾರಣವಿರಬಹುದು. ಫ್ಯಾನ್ ನಿಲ್ಲಿಸಿ, ಆದರೆ ಹೊಗೆ ಎಳೆಯುವ ಎಕ್ಸಾಸ್ಟ್ ನಿಲ್ಲಿಸಬೇಡಿ.

ಬಿಚ್ಚಿದ ಪ್ರತಿಯೊಂದು ಜೋಡಣೆಗೂ ಮರಳಿ ಬಿಗಿದ ಮೇಲೆ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಬೇಕು. ಟಾರ್ಚಿನ ತಿರುಪುಗಳು ಮುಚ್ಚಿರುವಾಗ ಟಾರ್ಚಿನ ಕಡೆಗೆ ಹೋಗುವ ಒತ್ತಡ ತೋರಿಸುವ ರೆಗ್ಯುಲೇಟರಿನ ಗೇಜಿನ ಮುಳ್ಳು ತಾನಾಗಿ ಮೇಲೇರುತ್ತಿದ್ದರೆ ರೆಗ್ಯುಲೇಟರಿನೊಳಗೆ ಕವಾಟ ಕೂರುವ ಪೀಠ ಸವೆದಿದೆ ಎಂದರ್ಥ. ಅದನ್ನು ಬಿಚ್ಚಿ ಸರಿಪಡಿಸಲು ಹೋಗದೆ, ಸಿಲಿಂಡರ್ ಮುಚ್ಚಿ, ಆ ರೆಗ್ಯುಲೇಟರನ್ನು ಅಂದೇ ಬಳಕೆಯಿಂದ ತೆಗೆಯಿರಿ.