ಗ್ರೀನ್‌ಸ್ಟೆಡ್ ಚರ್ಚ್: ಓಕ್ ಮರ ಬರೆದಿಟ್ಟ ವಯಸ್ಸು

ಈ ಗೋಡೆಗೆ ಕಲ್ಲಿಲ್ಲ, ಗಾರೆಯೂ ಇಲ್ಲ. ಓಕ್ ಮರದ ದಿಮ್ಮಿಗಳನ್ನು ಉದ್ದಕ್ಕೆ ಸೀಳಿ, ಒಂದರ ಪಕ್ಕ ಒಂದು ನಿಲ್ಲಿಸಿದ್ದಾರೆ. ದುಂಡು ಬೆನ್ನು ಹೊರಗೆ, ಚಪ್ಪಟೆ ಮುಖ ಒಳಗೆ. ಒಳಮುಖದಲ್ಲಿ ಬಾಚಿಯಿಂದ ಕೆತ್ತಿದ ಗುರುತು ಇವತ್ತಿಗೂ ಕಾಣುತ್ತದೆ.

ಇದು ಇಂಗ್ಲೆಂಡಿನ ಎಸ್ಸೆಕ್ಸ್‌ನಲ್ಲಿರುವ ಗ್ರೀನ್‌ಸ್ಟೆಡ್ ಎಂಬ ಹಳ್ಳಿಯ ಸೇಂಟ್ ಆಂಡ್ರ್ಯೂ ಚರ್ಚ್. ಪುಟ್ಟ ಆಂಗ್ಲಿಕನ್ ಚರ್ಚ್, ಈಗಲೂ ಪ್ರಾರ್ಥನೆ ನಡೆಯುತ್ತದೆ. ಬಲಿಪೀಠವಿರುವ ಇಟ್ಟಿಗೆಯ ಭಾಗ, ಬಿಳಿ ಹಲಗೆ ಹೊದ್ದ ಗಂಟೆಗೋಪುರ ಎಲ್ಲ ಆಮೇಲೆ ಸೇರಿದವು. ಜನ ಕೂರುವ ನಡುಭಾಗದ ಮರದ ಗೋಡೆಯೇ ಇಲ್ಲಿನ ನಿಜವಾದ ಆಸ್ತಿ. ಇಂದಿಗೂ ನಿಂತಿರುವ ಮರದ ಚರ್ಚುಗಳಲ್ಲಿ ಇದೇ ಜಗತ್ತಿನ ಅತಿ ಹಳೆಯದು ಎನ್ನುವವರಿದ್ದಾರೆ.

ಹಾಗಾದರೆ ಅದರ ವಯಸ್ಸೆಷ್ಟು? ಕಟ್ಟಿದವರು ಕಾಗದ ಬರೆದಿಟ್ಟಿಲ್ಲ. ಆದರೆ ಮರ ಬರೆದಿಟ್ಟಿದೆ.

ಓಕ್ ಮರ ವರ್ಷಕ್ಕೊಂದು ಉಂಗುರ ಬೆಳೆಸುತ್ತದೆ. ವಸಂತದಲ್ಲಿ ದೊಡ್ಡ ರಂಧ್ರಗಳ ಸಡಿಲ ಮರ, ಬೇಸಿಗೆಯಲ್ಲಿ ಒತ್ತಾದ ಗಟ್ಟಿ ಮರ. ಒಳ್ಳೆ ಮಳೆಯಾದ ವರ್ಷ ಉಂಗುರ ಅಗಲ, ಬರಗಾಲದಲ್ಲಿ ಸಣ್ಣ. ಒಂದೇ ಸೀಮೆಯ ಮರಗಳೆಲ್ಲ ಅದೇ ಮಳೆ, ಅದೇ ಬರ ಕಂಡಿರುತ್ತವೆ, ಅಲ್ವಾ? ಹಾಗಾಗಿ ಅವುಗಳ ಉಂಗುರಗಳ ಏರಿಳಿತವೂ ಒಂದಕ್ಕೊಂದು ಹೊಂದುತ್ತದೆ. ಇವತ್ತಿನ ಮರದಿಂದ ಶುರುಮಾಡಿ, ಹಳೇ ಮನೆಗಳ ತೊಲೆಗಳನ್ನು ಜೋಡಿಸುತ್ತಾ ಹೋದರೆ ನೂರಾರು ವರ್ಷ ಹಿಂದಕ್ಕೆ ಪಂಚಾಂಗ ಸಿದ್ಧವಾಗುತ್ತದೆ. (ನಮ್ಮ ತೇಗದಲ್ಲೂ ಇಂಥ ಸ್ಪಷ್ಟ ಉಂಗುರಗಳಿವೆ.)

ಗ್ರೀನ್‌ಸ್ಟೆಡ್‌ನ ದಿಮ್ಮಿಗಳನ್ನು ಮೊದಲು ಅಳೆದಾಗ ಕ್ರಿ.ಶ. 845 ಎಂಬ ಅಂದಾಜು ಸಿಕ್ಕಿತ್ತು. 1995ರಲ್ಲಿ ಮತ್ತೆ ನೋಡಿದಾಗ ಇನ್ನಷ್ಟು ಉಂಗುರಗಳು ಸಿಕ್ಕವು. ಕೊನೆಯದು 1053ರದ್ದು. ಒಂದೇ ಏಟಿಗೆ ಚರ್ಚಿನ ವಯಸ್ಸು ಇನ್ನೂರು ವರ್ಷ ಇಳಿಯಿತು!

ಮರ ಕಡಿದದ್ದು 1053ರಲ್ಲೇ ಅಂತ ಹೇಳೋ ಹಾಗೂ ಇಲ್ಲ. ಬಡಗಿಗಳಿಗೆ ಗೊತ್ತಿರುವ ವಿಷಯ ಇದು: ಒಳಗಿನ ಚೇಗು ಗಟ್ಟಿ, ತೊಗಟೆಯ ಕೆಳಗಿನ ಬೆಳ್ಳಗಿನ ಪದರಕ್ಕೆ ಬೇಗ ಹುಳ ಹಿಡಿಯುತ್ತದೆ. ಕಳೆದುಹೋದ ಆ ಪದರದಲ್ಲಿ ಕಡಿಮೆಯೆಂದರೆ 10, ಜಾಸ್ತಿಯೆಂದರೆ 55 ಉಂಗುರ ಇದ್ದಿರಬಹುದು. ಅಂದರೆ ಮರ ಕಡಿದದ್ದು 1063 ಮತ್ತು 1108ರ ನಡುವೆ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ 1066 ಸರಿಯಾಗಿ ಇದೇ ಅವಧಿಯಲ್ಲಿ ಬರುತ್ತದೆ. ಹುಳ ತಿಂದ ಆ ಒಂದೆರಡು ಅಂಗುಲ ಉಳಿದಿದ್ದರೆ ಯಾವ ರಾಜನ ಕಾಲದ್ದು ಅಂತ ಹೇಳಿಬಿಡಬಹುದಿತ್ತು. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇಷ್ಟು ಕಾಲ ಮರ ಬಾಳಿದ್ದು ಹೇಗೆ? ಓಕ್‌ನ ಚೇಗಿನಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ತುಂಬಿರುತ್ತದೆ. ಬೂಷ್ಟಿಗೂ ಹುಳಕ್ಕೂ ಅದು ಆಗಿಬರುವುದಿಲ್ಲ. ದಿಮ್ಮಿಗಳು ನೆಟ್ಟಗೆ ನಿಂತಿರುವುದರಿಂದ ಮಳೆನೀರು ಜಾರಿ ಇಳಿದುಹೋಗುತ್ತದೆ. ಅಂಚುಗಳಲ್ಲಿ ಉದ್ದಕ್ಕೆ ತೋಡು ಕೊರೆದು, ನಡುವೆ ತೆಳು ಮರದ ಪಟ್ಟಿ ಸೇರಿಸಿರುವುದರಿಂದ ಸಂದಿನಲ್ಲಿ ಗಾಳಿಯೂ ನುಗ್ಗದು. ಸೋತದ್ದು ಬುಡ ಮಾತ್ರ. 1848ರ ಸುಮಾರಿಗೆ ನಡೆದ ರಿಪೇರಿಯಲ್ಲಿ ಕೊಳೆತ ಬುಡಗಳನ್ನು ಕತ್ತರಿಸಿ, ಗೋಡೆಯನ್ನು ಇಟ್ಟಿಗೆ ಕಟ್ಟೆಯ ಮೇಲೆ ಕೂರಿಸಿದರು. ನೆಲದ ತೇವ ತಪ್ಪಿತು.

ಇಲ್ಲಿ ಹಳೆಯ ನಂಬಿಕೆಯೊಂದಿದೆ. 1013ರಲ್ಲಿ ಸಂತ ಎಡ್ಮಂಡ್ ರಾಜನ ದೇಹವನ್ನು ಲಂಡನ್ನಿನಿಂದ ಬರಿ ಸೇಂಟ್ ಎಡ್ಮಂಡ್ಸ್ ಎಂಬ ಊರಿಗೆ ಒಯ್ಯುವಾಗ ಈ ಚರ್ಚಿನಲ್ಲಿ ಇಳಿಸಿದ್ದರಂತೆ. ಉಂಗುರಗಳ ಲೆಕ್ಕದಲ್ಲಿ ಆ ವರ್ಷ ಈ ದಿಮ್ಮಿಗಳು ಇನ್ನೂ ಕಾಡಿನಲ್ಲಿ ಬೆಳೆಯುತ್ತಿದ್ದ ಹಸಿಮರ. ಹಾಗಂತ ನಂಬಿಕೆ ಸುಳ್ಳೆಂದು ತಳ್ಳಿಹಾಕುವ ಹಾಗಿಲ್ಲ. 1960ರಲ್ಲಿ ಬಲಿಪೀಠದ ಭಾಗದ ನೆಲ ಅಗೆದಾಗ, ಇದಕ್ಕೂ ಹಿಂದಿನ ಎರಡು ಮರದ ಕಟ್ಟಡಗಳ ಗುರುತು ಸಿಕ್ಕಿದೆ.